ಮುಜರೆ ಇಲ್ಲದ ಆಟ

ನಾನು ಮಾಸ್ತರಿಕೆ ಮಾಡುತ್ತಿದ್ದ ಶಾಲೆಗೆ ಹತ್ತು ವರ್ಷದೊಳಗೆ ಮೂರು ರಬ್ಬರ್ ಶಿಕ್ಕೆ ಬಂದವು. ಮೊದಲನೆಯದು ಸಂಸ್ಥಾನದ್ದು, ಎರಡನೆಯದು ಮುಂಬೈ ಸರಕಾರದ್ದು, ಮೂರನೆಯದು ಏಕೀಕರಣವಾದ ಮೇಲೆ ಬಂದ ಮೈಸೂರು ರಾಜ್ಯದ್ದು. ಹಳೆಯದನ್ನು ಎಸೆಯಿರಿ ಎಂದು ಯಾರೂ ಹೇಳಲಿಲ್ಲ, ಇಟ್ಟುಕೊಳ್ಳಿರಿ ಎಂದೂ ಹೇಳಲಿಲ್ಲ. ಹೀಗಾಗಿ ಮೂರೂ ನನ್ನ ಮೇಜಿನ ಖಾನೆಯಲ್ಲಿ ಬಿದ್ದಿರುತ್ತಿದ್ದವು. ಒಮ್ಮೆ ಅವಸರದಲ್ಲಿ ಒಬ್ಬ ಹುಡುಗನ ದಾಖಲೆಗೆ ಸಂಸ್ಥಾನದ ಶಿಕ್ಕೆಯನ್ನೇ ಒತ್ತಿ ಕಳಿಸಿಬಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಆ ಹುಡುಗ ಇಲ್ಲದ ರಾಜ್ಯದ ಪ್ರಜೆಯಾಗಿ ಇವತ್ತಿಗೂ ಎಲ್ಲೋ ಸುಖವಾಗಿ ಇರಬೇಕು.

ಆ ಕಾಲದಲ್ಲಿ ನನ್ನ ತಲೆಯೂ ಆ ಖಾನೆಯಂತೆಯೇ ಇತ್ತು. ನಮ್ಮ ಲಕ್ಷ್ಮೇಶ್ವರ ಒಂದು ಸಂಸ್ಥಾನಕ್ಕೆ ಸೇರಿದ್ದರೆ ಮಗ್ಗುಲಿನ ಶಿರಹಟ್ಟಿ ಇನ್ನೊಂದಕ್ಕೆ ಸೇರಿತ್ತು. ಗದಗ ಮುಂಬೈಯವರದು. ಮುಂಡರಗಿಯೂ ಅವರದೇ, ಆದರೆ ಅಲ್ಲಿಂದ ಮೂಡಲಕ್ಕೆ ನಡೆದರೆ ನಿಜಾಮರ ಸೀಮೆ, ಕೊರ್ಲಹಳ್ಳಿಯಲ್ಲಿ ಹೊಳೆ ದಾಟಿದರೆ ಮದರಾಸು. ನಮ್ಮವ್ವ ಹೊಳೆಯಾಚೆಯ ತವರಿಗೆ ಹೋಗಿ ಬರುವಷ್ಟರಲ್ಲಿ ಮೂರು ಸರಕಾರ ದಾಟುತ್ತಿದ್ದಳು. ಮೂರೂ ಕಡೆ ಅದೇ ರೊಟ್ಟಿ, ಅದೇ ಶೇಂಗಾ ಹಿಂಡಿ, ಏನು ಫರಕು ಎಂದು ಅವಳು ಕೇಳುತ್ತಿದ್ದಳು. ಫರಕು ಇದೆ ಎಂದು ನಾನು ವಾದಿಸುತ್ತಿದ್ದೆ. ವಾದ ಮಾಡುವುದು ನನಗೆ ಆಗ ಊಟಕ್ಕಿಂತ ಇಷ್ಟ.

ನಮ್ಮೂರಲ್ಲಿ ಒಂದು ಹಳೆಯ ಆಟವಿತ್ತು. ಆಟವೆಂದರೆ ಬಯಲಿನಲ್ಲಿ ಕಟ್ಟೆ ಹಾಕಿ ರಾತ್ರಿಯಿಡೀ ಆಡುವ ನಾಟಕ. ಊರವರು ಅದನ್ನು ಅಂಬಿಗರಾಜನ ಆಟ ಎನ್ನುತ್ತಿದ್ದರು. ಒಬ್ಬ ರಾಜ. ಅವನ ತಮ್ಮ ಮೋಸದಿಂದ ಅವನನ್ನು ಊರು ಬಿಡಿಸುತ್ತಾನೆ. ರಾಜ ಹೊಳೆಯ ದಂಡೆಗೆ ಬಂದು ಹನ್ನೆರಡು ವರ್ಷ ಹರಗೋಲು ನಡೆಸುತ್ತಾನೆ, ಯಾರಿಗೂ ಗುರುತು ಸಿಗುವುದಿಲ್ಲ. ಕೊನೆಗೆ ಒಂದು ದಿನ ಆ ತಮ್ಮನೇ ಅವನ ಹರಗೋಲು ಹತ್ತುತ್ತಾನೆ. ನಡು ಹೊಳೆಯಲ್ಲಿ ಅಣ್ಣನನ್ನು ಗುರುತು ಹಿಡಿದು ಕಾಲಿಗೆ ಬೀಳುತ್ತಾನೆ. ರಾಜ ಮರಳಿ ಪಟ್ಟವೇರುತ್ತಾನೆ, ಅಷ್ಟೊತ್ತಿಗೆ ಬೆಳಕು ಹರಿದಿರುತ್ತದೆ.

ಆ ರಾಜ ನಮ್ಮಪ್ಪ. ಹಗಲು ಪೇಟೆಯಲ್ಲಿ ಕುಳಿತು ಅಂಗಿ, ಕುಪ್ಪಸ ಹೊಲಿಯುತ್ತಿದ್ದವನು ಆಟದ ದಿನ ಕಿರೀಟ ಇಟ್ಟರೆ ಮನೆಯವರಿಗೂ ಮಾತಾಡಿಸಲು ಹೆದರಿಕೆಯಾಗುತ್ತಿತ್ತು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಅಳತೆಯ ಅಂಕಿ ಬರೆಯುತ್ತಿದ್ದ, ಅಷ್ಟೇ. ಅಷ್ಟು ದೊಡ್ಡ ಆಟದ ಹಾಡು, ಮಾತು ಎಲ್ಲವನ್ನೂ ಬರೀ ಕೇಳಿ ಕೇಳಿ ಕಲಿತಿದ್ದ. ಕಲಿಸಿದವರು ಊರಿನ ವಸ್ತಾದರು. ಹತ್ತಿ ಹಿಂಜಿ ಗಾದಿ ಹೊಲಿಯುವ ಮುಸಲ್ಮಾನರ ಮನೆತನದವರು. ಆಟದ ಏಳು ಪಾತ್ರಗಳೂ ಅವರ ನಾಲಿಗೆಯ ಮೇಲೆ ಇದ್ದವು. ಅಪ್ಪ ಮೊದಲ ಸಲ ರಾಜನಾದಾಗ ಕಾಲಿಗೆ ಕಟ್ಟಿದ ಗೆಜ್ಜೆಯನ್ನು ಕೊಟ್ಟವರೂ ಅವರೇ.

ಆಟ ಶುರುವಾಗಲು ಒಂದು ಪದ್ಧತಿ ಇತ್ತು. ಕಟ್ಟೆಯ ಎದುರಿಗೆ ಸರಿಯಾಗಿ ನಡುವೆ ಒಂದು ಬೆತ್ತದ ಕುರ್ಚಿ ಹಾಕುತ್ತಿದ್ದರು. ಎತ್ತರ ಬೆನ್ನಿನ ಕುರ್ಚಿ. ಅದರಲ್ಲಿ ಸಂಸ್ಥಾನದ ಅಧಿಕಾರಿ ಸಾಹೇಬರು ಕೂರುತ್ತಿದ್ದರು. ಸಾಹೇಬರ ಸರೀಕರಂತೆ ಯಾರೂ ಕೂರುವಂತಿಲ್ಲ, ಹೀಗಾಗಿ ಉಳಿದವರೆಲ್ಲ ನೆಲದ ಮೇಲೆ. ವಸ್ತಾದರು ಕುರ್ಚಿಯ ಹಿಂದೆ ಅದಕ್ಕೇ ಒರಗಿ ಕುಳಿತಿರುತ್ತಿದ್ದರು. ಹಿಮ್ಮೇಳ, ಕೋಡಂಗಿಯ ಕುಣಿತ ಎಲ್ಲ ಮುಗಿದ ಮೇಲೆ ರಾಜ ಹೊರಗೆ ಬಂದು ಕಟ್ಟೆಯ ಅಂಚಿಗೆ ನಡೆದು, ಕತ್ತಿಯ ತುದಿಯಿಂದ ಹಲಗೆಗೆ ಮೂರು ಸಲ ಕುಟ್ಟಿ, ಕುರ್ಚಿಯ ಕಡೆಗೆ ಸೊಂಟದವರೆಗೆ ಬಾಗಿ ಸಲಾಮು ಮಾಡಬೇಕು. ಅದೇ ಮುಜರೆ. ಮುಜರೆ ಆಗುವವರೆಗೂ ಜನ ಹರಟೆ ಹೊಡೆಯುತ್ತ, ಕಂಬಳಿ ಹಾಸುತ್ತ, ಮಕ್ಕಳಿಗೆ ಚುರುಮುರಿ ತಿನ್ನಿಸುತ್ತ ಇರುತ್ತಿದ್ದರು. ಆದ ಕೂಡಲೇ ಊರೇ ಗಪ್‌ಚಿಪ್. ರಾಜ ಮೊದಲ ಹಾಡು ಹಾಡುತ್ತಿದ್ದ, ಹಾಡು ಮುಗಿದೊಡನೆ ಕುರ್ಚಿಯ ಹಿಂದಿನಿಂದ ವಸ್ತಾದರ ‘ಭಲೇ’ ಕೇಳಿಸುತ್ತಿತ್ತು.

ಆ ಮುಜರೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಿರೀಟ ಇಟ್ಟ ನನ್ನಪ್ಪ ಬಾಗುವುದು, ಸಾಹೇಬರು ಎಲೆಯಡಿಕೆ ಜಗಿಯುತ್ತ ಬೇರೆ ಕಡೆ ನೋಡುವುದು. ಒಮ್ಮೆಯಂತೂ ಅವರು ಆಗಲೇ ಗೊರಕೆ ಹೊಡೆಯುತ್ತಿದ್ದರು. ಸಂಸ್ಥಾನದ ಕಂದಾಯದ ಲೆಕ್ಕ ನೋಡುವ ಒಬ್ಬ ನೌಕರನ ಮುಂದೆ ರಾಜ ಬಾಗಬೇಕೇ? ಮುಂದೆ ಸಂಸ್ಥಾನದ ವಿರುದ್ಧ ಪ್ರಭಾತಫೇರಿಯಲ್ಲಿ ಗಂಟಲು ಹರಿದುಕೊಂಡು ಕೂಗುವಾಗ ನನ್ನ ಕಣ್ಣ ಮುಂದೆ ಇದ್ದುದು ದೇಶವಲ್ಲ, ಆ ಕುರ್ಚಿ.

ಸ್ವಾತಂತ್ರ್ಯ ಬಂತು, ಸಂಸ್ಥಾನ ವಿಲೀನವಾಯಿತು. ಆಟವೂ ನಿಂತಿತು. ಕುರ್ಚಿಯಲ್ಲಿ ಯಾರನ್ನು ಕೂರಿಸಬೇಕು ಎಂಬುದೇ ಬಗೆಹರಿಯಲಿಲ್ಲ. ಈ ವರ್ಷ ಬೇಡ, ಬರುವ ವರ್ಷ ನೋಡೋಣ ಎನ್ನುತ್ತ ಎಂಟು ವರ್ಷ ಕಳೆದವು. ಕಚೇರಿಯ ಸಾಮಾನು ಅಲ್ಲಿ ಇಲ್ಲಿ ಹಂಚಿಹೋದಾಗ ಆ ಕುರ್ಚಿ ನಮ್ಮ ಶಾಲೆಗೆ ಬಂದು, ನನ್ನ ಪಾಲಿಗೇ ಸಿಕ್ಕಿತು. ವಸ್ತಾದರ ಕಣ್ಣು ಹೋದವು. ಅವರು ಶಿರಹಟ್ಟಿಯಲ್ಲಿ ಮಗಳ ಮನೆ ಸೇರಿದರು. ಅಪ್ಪ ಗೆಜ್ಜೆಯನ್ನು ಬಟ್ಟೆಯಲ್ಲಿ ಸುತ್ತಿ ಹೊಲಿಗೆಯ ಮಿಶನ್ನಿನ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಕೆಲವು ಸಲ ಮಿಶನ್ ತುಳಿಯುವಾಗ ಅದು ಕೆಳಗೆ ಸಣ್ಣಗೆ ಗಿಲಕು ಹಾಕುತ್ತಿತ್ತು.

ಏಕೀಕರಣದ ವರ್ಷ ನಾನು ಗದಗಿನಲ್ಲಿ ಒಂದು ಹೊಸ ತರಹದ ನಾಟಕ ನೋಡಿದೆ. ಹಿಮ್ಮೇಳವಿಲ್ಲ, ಕೋಡಂಗಿಯಿಲ್ಲ, ಯಾರಿಗೂ ಸಲಾಮಿಲ್ಲ. ಪರದೆ ಸರಿಯಿತು, ಮನೆಯಲ್ಲಿ ಕೂತು ಮಾತಾಡಿದಂತೆ ಇಬ್ಬರು ಮಾತಾಡಿದರು, ಎರಡೂವರೆ ತಾಸಿಗೆ ಮುಗಿಯಿತು. ನಾನು ಮರುಳಾದೆ. ಮರಳುವಾಗ ಅಸುಂಡಿಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು, ಬಸ್ಸು ರಿಪೇರಿಯಾಗುವುದರೊಳಗೆ ನಮ್ಮ ಆಟವನ್ನು ನಾನು ಮನಸ್ಸಿನಲ್ಲೇ ರಿಪೇರಿ ಮಾಡಿ ಮುಗಿಸಿದ್ದೆ. ರಾತ್ರಿಯಿಡೀ ಬೇಡ, ಮಧ್ಯಾಹ್ನದ ಆಟ. ಕೋಡಂಗಿ ಬೇಡ. ಮುಜರೆಯಂತೂ ಬೇಡವೇ ಬೇಡ.

ಅಪ್ಪ ಕೇಳಿಸಿಕೊಂಡ. ಬಾಯಲ್ಲಿ ದಾರ ಕಚ್ಚಿಕೊಂಡಿದ್ದ, ಅದನ್ನು ತೆಗೆದು ಕೇಳಿದ.

“ಮುಜರಿ ತಗೀತೀ?”

“ಹೌದು. ಯಾರಿಗೆ ಮಾಡ್ತಿ ಈಗ? ಸಂಸ್ಥಾನ ಇಲ್ಲ, ಸಾಹೇಬ ಇಲ್ಲ.”

“ಖರೇನ ತಗೀತೀ?”

“ಎಷ್ಟ್ ಸಲ ಹೇಳಬೇಕಪಾ?”

ಅಪ್ಪ ಇನ್ನೇನೋ ಹೇಳುವವನಿದ್ದ. ನಾನು ಆಗಲೇ ಪ್ರಜಾಪ್ರಭುತ್ವದ ಬಗ್ಗೆ ಶುರು ಹಚ್ಚಿಕೊಂಡಿದ್ದೆ. ಮುಗಿಯುವವರೆಗೆ ಕಾದು ಅವನು ಒಂದೇ ಒಂದು ಕರಾರು ಹಾಕಿದ.

“ವಸ್ತಾದ್ರು ಕೇಳಬೇಕು. ಅವರು ಭಲೇ ಅಂದ್ರ ಆತು. ಅನ್ನಲಿಲ್ಲಂದ್ರ ಗೆಜ್ಜಿ ಬಿಚ್ಚಿ ಅವರ ಕೈಯಾಗ ಕೊಟ್ಟು ಬಂದುಬಿಡ್ತೀನಿ. ಮತ್ತ ಕಟ್ಟಂಗಿಲ್ಲ.”

ಇಬ್ಬರೂ ಶಿರಹಟ್ಟಿಗೆ ಹೋದೆವು. ವಸ್ತಾದರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಅಪ್ಪನ ಹೆಜ್ಜೆಯ ಸಪ್ಪಳದಿಂದಲೇ ಗುರುತು ಹಿಡಿದು, “ಬಾ ರಾಜಾ” ಅಂದರು. ನಾನು ಹೊಸ ಕಾಲ, ಹೊಸ ಜನ, ಹೊಸ ರಾಜ್ಯ ಎಂದು ಅರ್ಧ ತಾಸು ಕೊರೆದೆ. ನಡುವೆ ಅವರ ಮಗಳು ಎರಡು ಸಲ ಚಹಾ ತಂದಿಟ್ಟಳು.

“ನೀವು ಓದಿದವರು ಮಾಸ್ತರ,” ಅಂದರು ವಸ್ತಾದರು ಕೊನೆಗೆ. “ನನಗೇನ್ ತಿಳೀತೈತಿ? ಬಂದು ಕೇಳ್ತೀನಿ. ಕೇಳಿದ ಮ್ಯಾಲ ಹೇಳ್ತೀನಿ.” ಆಮೇಲೆ ಅಪ್ಪನ ಕಡೆ ಮುಖ ತಿರುಗಿಸಿ, “ಒರಗಾಕ ಏನರ ಇರ್ತೈತಿಲ್ಲೋ?” ಎಂದು ಕೇಳಿದರು. ಇರ್ತದ ಎಂದು ಅಪ್ಪನ ಬದಲು ನಾನೇ ಹೇಳಿದೆ.

ಹಳೆಯ ಆಟವನ್ನು ಅಪ್ಪನ ಬಾಯಿಂದ ಹೇಳಿಸಿ ಬರೆದುಕೊಂಡು, ಹೊಸ ಪ್ರತಿ ಬರೆಯಲು ಕುಳಿತೆ. ಕುಳಿತದ್ದು ಅದೇ ಬೆತ್ತದ ಕುರ್ಚಿಯಲ್ಲಿ. ಅದರಲ್ಲಿ ಕುಳಿತು ಅದಕ್ಕೆ ಮಾಡುವ ಸಲಾಮನ್ನು ಹೊಡೆದುಹಾಕಿದಾಗ ಎಂಥ ಖುಷಿಯಾಯಿತೆಂದರೆ, ಆ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆದೆ. ಹಾಡುಗಳು ಅರ್ಧಕ್ಕಿಂತ ಕಡಿಮೆಯಾದವು. ನಡುವಿನ ವರ್ಣನೆಗಳಿಗೆಲ್ಲ ಎಳ್ಳುನೀರು ಬಿಟ್ಟೆ. ಎಲ್ಲ ಸರಾಗವಾಗಿ ಸಾಗಿ ಕೊನೆಯ ದೃಶ್ಯಕ್ಕೆ ಬಂದು ನಿಂತೆ. ಅಲ್ಲಿ ನನ್ನ ಬುದ್ಧಿಯೂ ನಿಂತಿತು.

ರಾಜನನ್ನು ಮರಳಿ ಪಟ್ಟಕ್ಕೆ ಏರಿಸುವ ಹಾಗಿಲ್ಲ. ರಾಜರನ್ನು ಇಳಿಸಲೆಂದು ಊರೂರು ಅಲೆದವನು ನಾನು. ಆದರೆ ಮತ್ತೆ ಏನು ಮಾಡಬೇಕು ಅವನನ್ನು? ಮೊದಲ ಸಲ, ರಾಜ ಹರಗೋಲಿನಲ್ಲೇ ನಿಂತು ಪ್ರಜೆಗಳೇ ಇನ್ನು ಪ್ರಭುಗಳು ಎಂದು ಭಾಷಣ ಮಾಡುವಂತೆ ಬರೆದೆ. ಅವ್ವನಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

“ಹನ್ನೆರಡು ವರ್ಷ ಹುಟ್ಟು ಹಾಕಿದಾವಗ ಅಷ್ಟು ಮಾತಾಡಾಕ ಉಸರು ಎಲ್ಲಿರತೈತೋ?”

ಎರಡನೆಯ ಸಲ, ರಾಜ ಸಂತೋಷದಿಂದ ಅಂಬಿಗನಾಗಿಯೇ ಉಳಿಯುವಂತೆ ಬರೆದೆ.

“ಸಂತೋಷದಿಂದ ಅಂತ ನೀ ಅಂತಿ. ಅವನ ಹೇಣ್ತಿನ್ನ ಕೇಳಿಯೇನು?”

ಮೂರು, ನಾಲ್ಕು, ಐದು. ಅತ್ತ ಪತ್ರಿಕೆಗಳಲ್ಲಿ ಹೊಸ ರಾಜ್ಯದ ಹೆಸರು ಏನಿರಬೇಕು, ಯಾವ ಊರು ಯಾರ ಪಾಲಿಗೆ ಎಂಬ ಚರ್ಚೆ ಮುಗಿಯುತ್ತಿರಲಿಲ್ಲ, ಇತ್ತ ನನ್ನ ರಾಜ ನಡು ಹೊಳೆಯಲ್ಲಿ ನಿಂತುಬಿಟ್ಟಿದ್ದ. ನನಗೆ ನಿಜವಾಗಿ ದಿಗಿಲಾಯಿತು. ಏನು ಬೇಡವೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಏನು ಬೇಕೆಂದು ಗೊತ್ತಿರಲಿಲ್ಲ. ಕೊನೆಗೆ ಬೇಸತ್ತು, ಸಿಂಹಾಸನವನ್ನೇ ತೆಗೆದುಹಾಕಿದ್ದಾರೆ ಎಂದು ತಮ್ಮ ಹೇಳಿದಾಗ ರಾಜ ‘ಹಾಗಾದರೆ ನಾನೀಗ ಯಾರು?’ ಎಂದು ಕೇಳುವಲ್ಲಿಗೆ ಪರದೆ ಎಳೆದುಬಿಟ್ಟೆ. ಆಧುನಿಕ ನಾಟಕಗಳು ಹೀಗೇ ಮುಗಿಯುತ್ತವೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ತಾಲೀಮು ಶುರುವಾಯಿತು. ತಮ್ಮನ ಪಾತ್ರಕ್ಕೆ ಪೇಟೆಯ ಕಿರಾಣಿ ಅಂಗಡಿಯವರು. ಅವರಿಗೆ ಓದು ಬರುತ್ತಿದ್ದುದರಿಂದ ಹೊಸ ಪ್ರತಿ ನೋಡಿ ಬೇಗ ಕಲಿತರು. ಪಜೀತಿಯಾದದ್ದು ಅಪ್ಪನದು. ಕೇಳಿ ಕಲಿತವನಿಗೆ ಮಾತುಗಳು ಸರಪಣಿಯಂತೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಹನ್ನೊಂದನೆಯ ಮಾತು ಬೇಕಾದರೆ ಹತ್ತನೆಯದನ್ನು ಹೇಳಿಯೇ ಮುಂದೆ ಹೋಗಬೇಕು. ನಾನು ನಡುವಿನ ಮೂವತ್ತು ಸಾಲು ಹೊಡೆದುಹಾಕಿದರೆ ಅವನಿಗೆ ಮೂವತ್ತೊಂದನೆಯದು ನೆನಪಾಗುತ್ತಲೇ ಇರಲಿಲ್ಲ. ನಾಲ್ಕು ದಿನ ಒದ್ದಾಡಿ ಕೊನೆಗೆ ತಾನೇ ಒಂದು ಉಪಾಯ ಕಂಡುಕೊಂಡ. ಹೊಡೆದುಹಾಕಿದ ಸಾಲುಗಳನ್ನು ತುಟಿ ಅಲುಗಿಸದೆ ಒಳಗೊಳಗೇ ಹೇಳಿಕೊಂಡು, ಉಳಿದ ಸಾಲು ಬಂದ ಕೂಡಲೇ ದನಿ ತೆಗೆಯುವುದು. ಅಷ್ಟು ಹೊತ್ತು ಎಲ್ಲರೂ ಸುಮ್ಮನೆ ನಿಂತಿರಬೇಕು. ಒಂದೊಂದು ಸಲ ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು.

“ಜಲ್ದಿ ಹೇಳ್ಕೋಪಾ ಒಳಗ,” ಎಂದು ನಾನು ರೇಗುತ್ತಿದ್ದೆ.

“ಒಳಗ ಜಲ್ದಿ ಹೇಳಿದ್ರ ತಾಳ ತಪ್ಪತೈತಿ,” ಅನ್ನುತ್ತಿದ್ದ ಅಪ್ಪ.

ಏಕೀಕರಣವಾದ ಮೇಲಿನ ಮೊದಲ ಸುಗ್ಗಿಯ ಕಾಲ, ಒಂದು ರವಿವಾರ ಮಧ್ಯಾಹ್ನ ಮೂರೂವರೆಗೆ ಆಟ. ಗದಗಿನಿಂದ ಇಬ್ಬರು ವಕೀಲರು, ಒಬ್ಬ ಕಾಲೇಜಿನ ಅಧ್ಯಾಪಕರು ಬಂದಿದ್ದರು. ಬೆಟಗೇರಿಯಲ್ಲಿ ಅಚ್ಚು ಹಾಕಿಸಿದ ಕರಪತ್ರ ಎಲ್ಲರ ಕೈಯಲ್ಲಿತ್ತು. ಮೊದಲಿನ ಪದ್ಧತಿ ಮುರಿಯಬೇಕೆಂದು ನಡುವೆ ಒಂದು ಕುರ್ಚಿ ಹಾಕುವ ಬದಲು ಬಾಡಿಗೆಯ ಕಬ್ಬಿಣದ ಕುರ್ಚಿಗಳನ್ನು ಸಾಲಾಗಿ ಹಾಕಿಸಿದ್ದೆ. ವಸ್ತಾದರಿಗೆ ಚೆನ್ನಾಗಿ ಕೇಳಿಸಲೆಂದು ಕಟ್ಟೆಯ ಎಡ ಮಗ್ಗುಲಿಗೆ, ಹಿಮ್ಮೇಳದ ಹತ್ತಿರ ಒಂದು ಕುರ್ಚಿ ಹಾಕಿ ನಾನೇ ಕೈಹಿಡಿದು ಕೂರಿಸಿದೆ. ಅವರು ಕೈಯಿಂದ ಅದರ ತಣ್ಣಗಿನ ಬೆನ್ನನ್ನು ಮುಟ್ಟಿ ನೋಡಿದರು.

“ಇದು ಆ ಕುರ್ಚಿ ಅಲ್ಲಲ್ಲ ಮಾಸ್ತರ?”

“ಇದು ಹೊಸಾದ್ರಿ. ನಿಮಗಂತ ಹಾಕೇನಿ.”

“ಹೂಂ. ಆತು,” ಅಂದರು. ಮಾನ ಕೊಟ್ಟೆನೆಂದು ನಾನು ಎದೆಯುಬ್ಬಿಸಿಕೊಂಡು ಒಳಗೆ ಹೋದೆ.

ಪರದೆ ಸರಿಯಿತು. ನಾನು ಮಗ್ಗುಲಿನಲ್ಲಿ ಪ್ರತಿ ಹಿಡಿದು ನಿಂತಿದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಪ್ಪನ ಮುಖದ ಬಣ್ಣ ಬೇರೆಯೇ ಕಾಣುತ್ತಿತ್ತು. ಅಪ್ಪ ಬಂದ, ಕಟ್ಟೆಯ ಅಂಚಿಗೆ ಹೋಗುವಂತೆ ಎರಡು ಹೆಜ್ಜೆ ಇಟ್ಟ, ನಿಂತ. ಹೆಗಲು ಒಂದು ಸಲ ಮುಂದಕ್ಕೆ ಬಾಗಿದಂತೆ ಮಾಡಿ ಹಿಂದೆ ಬಂತು. ಹೊಡೆದುಹಾಕಿದ್ದನ್ನು ಒಳಗೊಳಗೇ ಮಾಡುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಆಮೇಲೆ ಹಾಡು ತೆಗೆದ.

ಜನ ಕೇಳುತ್ತಿರಲಿಲ್ಲ. ನಾನು ಕಕ್ಕಾಬಿಕ್ಕಿಯಾದೆ. ಹೆಂಗಸರು ಮದುವೆಯ ಮಾತಾಡುತ್ತಿದ್ದರು. ಗಂಡಸರು ಎದ್ದು ಚಹದ ಅಂಗಡಿಗೆ ಹೋಗಿ ಬರುತ್ತಿದ್ದರು. ಒಬ್ಬ ಮುದುಕ ಕಟ್ಟೆಯ ಹತ್ತಿರ ಬಂದು, ಹಾಡುತ್ತಿರುವ ರಾಜನನ್ನೇ, “ಅಂಗಿ ಹೊಲಿದಾತೇನ್ರೀ?” ಎಂದು ಕೇಳಿದ. ಮೊದಲ ಹಾಡು ಮುಗಿಯಿತು. ಅಪ್ಪ ನಿಂತ. ಅವನು ಯಾವುದಕ್ಕೆ ಕಾಯುತ್ತಿದ್ದಾನೆಂದು ನನಗೂ ಗೊತ್ತಿತ್ತು. ಭಲೇ ಬರಲಿಲ್ಲ. ವಸ್ತಾದರು ಕಬ್ಬಿಣದ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಸುಮ್ಮನೆ ಕಾಯುತ್ತಿದ್ದರು.

ಅಲ್ಲಿಂದ ಅಪ್ಪ ಒಂದೊಂದು ಹಾಡಿಗೂ ಸ್ವಲ್ಪ ಸ್ವಲ್ಪ ಕುಗ್ಗುತ್ತ ಹೋದ. ಒಳಗೊಳಗೇ ಹೇಳಿಕೊಳ್ಳುವ ಹೊತ್ತು ಉದ್ದವಾಯಿತು. ಅಧ್ಯಾಪಕರು ಮಾತ್ರ ಆ ಮೌನಕ್ಕೆ ತಲೆದೂಗುತ್ತಿದ್ದರು. ನಡುವೆ ಎದ್ದು ಬಂದು, ಮೌನವನ್ನು ಹೀಗೆ ಬಳಸುವುದು ನಮ್ಮ ರಂಗಭೂಮಿಗೆ ಹೊಸದು, ಇದು ಹೊಸ ಯುಗದ ಪ್ರಯೋಗ ಎಂದು ನನ್ನ ಕೈ ಕುಲುಕಿ, ವಕೀಲರ ಜೊತೆ ಐದರ ಬಸ್ಸಿಗೆ ಹೊರಟೇಹೋದರು. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ನಾನು ಪ್ರತಿಯ ಹಾಳೆ ಮುಂದೆ ತಿರುವುವ ಬದಲು ಹಿಂದೆ ತಿರುವಿದೆ.

ಕೊನೆಯ ದೃಶ್ಯ ಬಂತು. “ಹಾಗಾದರೆ ನಾನೀಗ ಯಾರು?” ಎಂದ ಅಪ್ಪ. ಪರದೆ ಬಿತ್ತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಾನು ಹೊರಗೆ ಇಣುಕಿದೆ. ಸೂರ್ಯ ಇನ್ನೂ ಮುಳುಗಿರಲಿಲ್ಲ. ಜನ ಎದ್ದಿರಲಿಲ್ಲ. ಹೆಂಗಸರ ಕಡೆಯಿಂದ ಅವ್ವ ಎದ್ದು ಬಂದಳು.

“ಯಾವಾಗ ಸುರು ಮಾಡ್ತೀರೋ? ಎಮ್ಮಿ ಹಿಂಡಾಕ ಹೋಗಬೇಕು.”

“ಸುರು ಏನ್ ಯವ್ವಾ, ಮುಗೀತಲ್ಲ!”

“ಏನ್ ಮುಗೀತು? ಮುಜರೀನ ಆಗಿಲ್ಲ.”

ಎರಡು ತಾಸು ಆಡಿದ್ದನ್ನು ಊರಿಗೆ ಊರೇ ತಾಲೀಮು ಎಂದುಕೊಂಡಿತ್ತು. ಹಗಲು ಹೊತ್ತು, ಕೋಡಂಗಿಯಿಲ್ಲ, ಮಾತುಗಳನ್ನು ನಡುವೆ ನಡುವೆ ನುಂಗಿ ಹೇಳುವುದು, ತಾಲೀಮಿನಲ್ಲಲ್ಲದೆ ಇನ್ನೆಲ್ಲಿ ಹೀಗಿರುತ್ತದೆ? ಬಣ್ಣ ಯಾಕೆ ಬಳಿದುಕೊಂಡಿದ್ದಾರೆ ಎಂದು ಕೆಲವರಿಗೆ ಅನುಮಾನ ಬಂದಿತ್ತಂತೆ. ಪಾಪ, ಬಣ್ಣ ಹಿಡಿಯುತ್ತದೋ ಇಲ್ಲವೋ ನೋಡುತ್ತಿರಬೇಕು ಎಂದು ಬಿಟ್ಟರಂತೆ.

ಕಾಲೆಳೆಯುತ್ತ ವಸ್ತಾದರ ಹತ್ತಿರ ಹೋದೆ. ಅವರಾದರೂ ತಿಳಿದಿರುತ್ತಾರೆ ಎಂಬ ಆಸೆ.

“ಹೆಂಗಾತ್ರಿ ವಸ್ತಾದ್ರ?”

“ಚೊಲೋ ಆತು ಮಾಸ್ತರ. ತಾಲೀಮು ಚೊಲೋ ಆತು. ಆಟ ಸುರು ಮಾಡ್ರಿ ಇನ್ನ.”

ಇದು ಆಟವೇ ಎಂದು ಹೇಗೆ ಹೇಳುವುದು? ಇದನ್ನು ಆಟವೆಂದು ಒಪ್ಪಿಕೊಳ್ಳದವರ ಮೇಲೆ ಸಿಟ್ಟು ಮಾಡುವುದೇ, ಆಟವಾಗದ್ದನ್ನು ಆಡಿಸಿದ ನನ್ನ ಮೇಲೇ? ಅಷ್ಟರಲ್ಲಿ ಹಿಂದೆ ಗೆಜ್ಜೆ ಸದ್ದಾಯಿತು, ಒಂದೇ ಕಾಲಿನದು. ಅಪ್ಪ ಕಟ್ಟೆಯ ಮೇಲೆ ಬಂದು ನಿಂತಿದ್ದ. ಬಣ್ಣ ಬೆವರಿನಲ್ಲಿ ಇಳಿದಿತ್ತು. ಇನ್ನೊಂದು ಕಾಲಿನ ಗೆಜ್ಜೆಯನ್ನು ಆಗಲೇ ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಮರಳಿ ಕೊಡಲು ಬಂದಿದ್ದಾನೆ ಎಂದು ತಿಳಿದೆ.

ವಸ್ತಾದರ ಮಾತು ಅವನಿಗೆ ಕೇಳಿಸಿರಬೇಕು. ಗೆಜ್ಜೆಯನ್ನು ಎಡಗೈಗೆ ಸುತ್ತಿಕೊಂಡ. ಕಟ್ಟೆಯ ಎಡ ಅಂಚಿಗೆ ಬಂದ, ಯಾವತ್ತೂ ನಿಲ್ಲದ ಜಾಗ ಅದು. ಕತ್ತಿಯ ತುದಿಯಿಂದ ಹಲಗೆಗೆ ಮೂರು ಸಲ ಕುಟ್ಟಿದ. ವಸ್ತಾದರ ಕಡೆಗೆ ತಿರುಗಿ ಸೊಂಟದವರೆಗೆ ಬಾಗಿದ.

ವಸ್ತಾದರು ಆ ಮೂರು ಪೆಟ್ಟು ಕೇಳಿದ ಕೂಡಲೇ ಎದ್ದು ನಿಂತರು. ಕೈ ಹಣೆಗೆ ಹೋಯಿತು.

“ಹಾಂ. ಸುರು ಮಾಡು ರಾಜಾ.”

ಜನ ಗಪ್‌ಚಿಪ್ ಆದರು. ಚಹದ ಅಂಗಡಿಯಿಂದ ಓಡಿಬಂದು ಕುಳಿತರು. ನಾನು ಕಟ್ಟೆಯ ಕೆಳಗೆ ನಿಂತು ಬಾಯಿಬಿಟ್ಟು ನೋಡುತ್ತಿದ್ದೆ.

“ಯಪ್ಪಾ, ಅಂದ್ರ ಅದು ಸಾಹೇಬಗಲ್ಲ?”

“ಕುರ್ಚಿ ಹಿಂದ ಯಾರು ಕುಂಡ್ರತಿದ್ರಲೇ?” ಅಪ್ಪನ ದನಿ ಸಣ್ಣಗಿತ್ತು. “ಸಾಹೇಬನ ಎದುರಿಗೆ ಇನ್ನೊಬ್ಬರಿಗೆ ಬಾಗಾಂಗಿದ್ದಿಲ್ಲ. ಅದಕ್ಕ ಇವರು ಹೋಗಿ ಅದರ ಹಿಂದ ಕುಂತರು. ಮುಂದಿದ್ದಾವ ತನಗ ಅನ್ಕೊಂಡ, ಅನ್ಕೊಳ್ಳಲಿ ಅಂತ ಬಿಟ್ವಿ.”

“ಮತ್ತ ನನಗ ಯಾಕ ಹೇಳಲಿಲ್ಲ?”

“ನೀ ಎಲ್ಲಿ ಕೇಳಿದಿ? ತಗದು ಹಾಕಿದಿ.”

ಸಣ್ಣವನಿದ್ದಾಗಿನಿಂದ ಹೊಟ್ಟೆಯಲ್ಲಿ ಇಟ್ಟುಕೊಂಡು ಬಂದ ಸಿಟ್ಟಿಗೆ ಒಮ್ಮೆಲೇ ಜಾಗವೇ ಇಲ್ಲದಂತಾಯಿತು. ಆ ಸಿಟ್ಟಿನ ಮೇಲೆಯೇ ನಾನು ಪ್ರಭಾತಫೇರಿಗೆ ಹೋಗಿದ್ದೆ, ಹೊಸ ಪ್ರತಿ ಬರೆದಿದ್ದೆ. ಹೋದದ್ದು ತಪ್ಪೇ? ತಪ್ಪಲ್ಲ. ಸಂಸ್ಥಾನ ಹೋಗಬೇಕಾದದ್ದೇ. ಆದರೆ ಅದರ ಜೊತೆಗೆ ಇನ್ನೇನನ್ನು ಹೊಡೆದುಹಾಕಿದೆ ಎಂದು ಅವತ್ತು ಮಾತ್ರವಲ್ಲ, ಇವತ್ತಿಗೂ ನನಗೆ ಪೂರ್ತಿ ಲೆಕ್ಕ ಸಿಕ್ಕಿಲ್ಲ.

ಅಪ್ಪ ಮೊದಲ ಹಾಡು ಹಾಡಿದ. ನಾನು ಹೊಡೆದುಹಾಕಿದ ಸಾಲುಗಳ ಸಮೇತ, ದನಿ ತೆಗೆದು. ಮುಗಿದೊಡನೆ ವಸ್ತಾದರ ‘ಭಲೇ’ ಬಂತು. ಅಪ್ಪನ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ. ಇನ್ನು ಅವನು ಇಡೀ ಹಳೆಯ ಆಟವನ್ನೇ ಹಿಡಿಯುತ್ತಾನೆ, ನನ್ನ ಪ್ರತಿ ಕೆಲಸಕ್ಕೆ ಬರಲಿಲ್ಲ ಎಂದುಕೊಂಡೆ. ಆದರೆ ಅಪ್ಪ ನನ್ನ ಕಡೆ ನೋಡಿದ.

“ಹತ್ತಲೇ ಮ್ಯಾಲ. ನೀ ಬರದ ಹರಗೋಲಿನ ಮಾತು ಹೇಳು.”

ತಮ್ಮನ ಪಾತ್ರದ ಕಿರಾಣಿಯವರು ಮುಖ ತೊಳೆದು ಅಂಗಡಿ ತೆರೆಯಲು ಹೋಗಿಯಾಗಿತ್ತು. ನಾನು ಮಾಸ್ತರಿಕೆಯ ಕೋಟಿನಲ್ಲೇ ಕಟ್ಟೆ ಹತ್ತಿದೆ. ಯಾವತ್ತೂ ಬಣ್ಣ ಹಚ್ಚದವನು. ನಾನೇ ಬರೆದ ಮಾತು, ಆದರೂ ಪ್ರತಿ ನೋಡಿಯೇ ಓದಿದೆ. ಅಪ್ಪ ಕಾಣದ ಹುಟ್ಟನ್ನು ಹಾಕುತ್ತಿದ್ದ, ಒಂದು ಕಾಲಿನ ಗೆಜ್ಜೆ ಹುಟ್ಟಿನ ಜೊತೆ ಸದ್ದು ಮಾಡುತ್ತಿತ್ತು.

“ಸಿಂಹಾಸನವನ್ನು ತೆಗೆದುಹಾಕಿದ್ದಾರೆ ಅಣ್ಣಾ. ಊರಿನವರೇ ಊರು ಆಳಿಕೊಳ್ಳುತ್ತಿದ್ದಾರೆ.”

ಅಪ್ಪ ಹುಟ್ಟು ನಿಲ್ಲಿಸಿದ. ಮಧ್ಯಾಹ್ನ ಆಡಿದಾಗ ಇಲ್ಲದ ಏನೋ ಅವನ ದನಿಯಲ್ಲಿತ್ತು.

“ಹಾಗಾದರೆ ನಾನೀಗ ಯಾರು?”

ಪರದೆ ಎಳೆಯಲು ಯಾರೂ ಇರಲಿಲ್ಲ. ಇಬ್ಬರೂ ನಿಂತೇ ಇದ್ದೆವು. ಜನರಲ್ಲಿ ಒಬ್ಬರೂ ಏಳಲಿಲ್ಲ. ವಸ್ತಾದರು ಕತ್ತು ಮುಂದೆ ಚಾಚಿ ಕೇಳುತ್ತಿದ್ದರು.

“ಮುಂದ?” ಅಂದರು.

ಅಪ್ಪ ನನ್ನ ಮುಖ ನೋಡಿದ. ನನ್ನ ಕೈಯಲ್ಲಿದ್ದ ಪ್ರತಿಯಲ್ಲಿ ಅದರ ಮುಂದೆ ಬರೀ ಬಿಳಿ ಹಾಳೆಯಿತ್ತು. ನಾನು ತಲೆ ಅಲ್ಲಾಡಿಸಿದೆ.

“ಮುಂದಿಂದು ಇನ್ನೂ ಬರದಿಲ್ರಿ ವಸ್ತಾದ್ರ,” ಅಂದ ಅಪ್ಪ. “ಅವಗ ಇನ್ನೂ ತಿಳೀವಲ್ದು.”

ವಸ್ತಾದರು ಭಲೇ ಅನ್ನಲಿಲ್ಲ. ಒಂದೇ ಕಾಲಿನ ಗೆಜ್ಜೆಯ ಸದ್ದನ್ನು ಅವರು ಆಗಲೇ ಗುರುತಿಸಿದ್ದರು. ಕಬ್ಬಿಣದ ಕುರ್ಚಿಯ ಬೆನ್ನಿಗೆ ಮೊದಲ ಸಲ ಒರಗಿ ಕುಳಿತರು.

“ಹಂಗಾರ ಆಟ ಮುಗಿದಿಲ್ಲ, ಗೆಜ್ಜಿ ಬಿಚ್ಚಬ್ಯಾಡ,” ಅಂದರು.

ಅಪ್ಪ ಅಲ್ಲಿಯೇ ಕಟ್ಟೆಯ ಅಂಚಿಗೆ ಕುಳಿತು, ಕೈಗೆ ಸುತ್ತಿಕೊಂಡಿದ್ದ ಗೆಜ್ಜೆಯನ್ನು ಮತ್ತೆ ಕಾಲಿಗೆ ಕಟ್ಟಿಕೊಳ್ಳತೊಡಗಿದ. ಬೆವರಿದ ಬೆರಳಿಗೆ ಗಂಟು ಕೂರುತ್ತಿರಲಿಲ್ಲ. ನಾನು ಪ್ರತಿಯನ್ನು ಕೆಳಗಿಟ್ಟು, ಊರೆಲ್ಲ ನೋಡುತ್ತಿರುವಾಗ ಅವನ ಮುಂದೆ ಬಗ್ಗಿ ಗಂಟು ಹಾಕಿದೆ.